ಉಸಿರಿರುವಾಗಲೇ ಬ್ರಹ್ಮಲೀನ

ಬ್ಯಾನರ್ ಅಂಗಡಿಯಲ್ಲಿ ಮಗಳ ಶಾಲೆಯ ಚಾರ್ಟಿಗಾಗಿ ಕಾಯುತ್ತಾ, ಕೆಲಸ ಮುಗಿಸಿ ಬಂದ ತಾಯಿಯೊಬ್ಬಳು ಸ್ಟೂಲಿನ ಮೇಲೆ ತೂಕಡಿಸುತ್ತಿದ್ದಳು. ಮಠದ ಮ್ಯಾನೇಜರೂ, ಮುಂದೆ ಪೀಠ ಏರಲಿರುವ ಮರಿಸ್ವಾಮಿಯೂ ಬಂದು ಮಾತಿಗಿಳಿದ ಮೇಲೆ ಅವಳ ನಿದ್ದೆ ಹಾರಿಹೋಯಿತು.

"ದೊಡ್ಡ ಸ್ವಾಮಿಗಳ ಫೋಟೋ ಮೇಲಿರೋ 'ಪರಮಪೂಜ್ಯ' ತೆಗೀರಿ. 'ಬ್ರಹ್ಮಲೀನ' ಹಾಕಿ," ಎಂದರು ಮ್ಯಾನೇಜರು.

ಅಂಗಡಿಯವನ ಕೈ ಮೌಸಿನ ಮೇಲೇ ನಿಂತಿತು. "ಅಯ್ಯೋ, ಯಾವಾಗ ಹೋದ್ರು ಸಾರ್?"

"ಇನ್ನೂ ಇಲ್ಲ. ಐಸಿಯುನಲ್ಲಿದಾರೆ."

"ಉಸಿರಿರೋವಾಗ್ಲೇ ಬ್ರಹ್ಮಲೀನ ಅಂದ್ರೆ..."

"ಈಗ್ಲೇ ಕಟ್ತೀವಾ? ಸುತ್ತಿಡ್ತೀವಪ್ಪ. ಆ ಹೊತ್ತಿಗೆ ನೀವು ಅಂಗಡಿ ಬಾಗಿಲು ಹಾಕ್ಕೊಂಡಿದ್ರೆ ಯಾರನ್ನ ಹುಡುಕ್ಲಿ? ಈ ಮರಿಸ್ವಾಮಿಗಳ ಫೋಟೋ ಮೇಲೆ 'ಜಗದ್ಗುರು' ಬರ್ಲಿ."

"ಅಕ್ಷರ ಸ್ವಲ್ಪ ದಪ್ಪಗಿರ್ಲಿ," ಎಂದ ಮರಿಸ್ವಾಮಿ, ಮೆಲ್ಲಗೆ.

ಬ್ಯಾನರ್ ಅಚ್ಚಾಗಿ ಹೊರಬರುವಷ್ಟರಲ್ಲಿ ಮರಿಸ್ವಾಮಿಯ ಫೋನು ಬಡಿದುಕೊಂಡಿತು. ಕೇಳಿಸಿಕೊಂಡವನ ಮುಖ ಇಳಿದುಹೋಯಿತು.

"ದೊಡ್ಡವರು ಕಣ್ಣು ಬಿಟ್ರಂತೆ. ನನ್ನನ್ನ ಕೇಳ್ತಿದಾರಂತೆ."

"ಏನಂತ?"

"ಮಗು ಎಲ್ಲಿ, ಊಟ ಮಾಡ್ತಾ, ಅಂತ."

"ನೋಡಿದ್ರಾ ಸ್ವಾಮೀ, ಇನ್ನೂ ಮಗು ಅಂತಾರೆ. ನಾಲ್ಕು ಜನರ ಮುಂದೆ ಹಾಗಂದ್ರೆ ನಿಮ್ಮನ್ನ ಜಗದ್ಗುರು ಅಂತ ಯಾರು ಒಪ್ತಾರೆ? ಹೋಗ್ಬೇಡಿ."

"ಹೋಗದಿದ್ರೆ ನೊಂದ್ಕೋತಾರೆ."

"ನೊಂದ್ಕೊಳ್ಳಲಿ. ಅವರ ಹೃದಯ ಏನನ್ನೂ ತಡ್ಕೊಳ್ಳಲ್ಲ ಅಂತ ಡಾಕ್ಟ್ರೇ ಹೇಳಿದಾರಲ್ಲ."

ಮರಿಸ್ವಾಮಿ ಫೋನ್ ಆಫ್ ಮಾಡಿದ. ಇಬ್ಬರೂ ಇನ್ನೂ ಬಿಸಿಯಾರದ ಬ್ಯಾನರನ್ನು ಸುರುಳಿ ಸುತ್ತಿಕೊಂಡು, ಆಸ್ಪತ್ರೆಯ ದಾರಿ ಬಿಟ್ಟು ಮಠದ ಕಡೆ ನಡೆದರು.