ಹಿಮ್ಮಡಿ ಊರಿ ಏಳುವುದು

ಆ ಬೆಳಗ್ಗೆ ಮಂಜು ಇನ್ನೂ ಕಿಟಕಿಯ ಗಾಜಿಗೆ ಅಂಟಿಕೊಂಡಿತ್ತು, ಸೂರ್ಯದೇವನಿಗೂ ಅವಸರವಿದ್ದಂತಿರಲಿಲ್ಲ. ಫಿಜಿಯೋಥೆರಪಿ ಕೋಣೆಯ ಹೊರಗಿನ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಲಾರಿ ಡ್ರೈವರ್ ಕುಳಿತಿದ್ದ, ಅವನಾಚೆ ಅವನ ಭಾಮೈದ. ಭಾವ ಕಾಲು ಮುರಿದುಕೊಂಡು ಮಲಗಿದಾಗಿನಿಂದ ಲಾರಿ ಓಡಿಸುತ್ತಿರುವವನು ಭಾಮೈದನೇ ಎಂದು ಮಾತಿನಲ್ಲೇ ತಿಳಿಯಿತು.

“ಭಾವ, ಕುಂಡಿ ಎತ್ತೋ ವ್ಯಾಯಾಮ ದಿನಾ ಮಾಡ್ತಿದ್ದೀರಾ?”

“ಮಲಗಿ, ಮಂಡಿ ಮಡಚಿ ಎತ್ತುತ್ತೀನಿ. ತೊಡೆ ನೋಯುತ್ತೆ. ಅಲ್ಲಿ ಮಾತ್ರ ಏನೂ ಗೊತ್ತಾಗಲ್ಲ. ಮರಗಟ್ಟಿಹೋಗಿದೆ.”

“ಫಿಜಿಯೋ ಮೇಡಂ ಹೇಳಿದ್ದು ಮರೆತ್ರಾ? ಹಿಮ್ಮಡಿ ಊರಬೇಕು. ಮೇಲೆ ಹೋದಾಗ ಬಿಗಿ ಹಿಡಿದು ಸ್ವಲ್ಪ ಹೊತ್ತು ನಿಲ್ಲಿಸಬೇಕು.”

“ಪೆಡಲ್ ತುಳಿದು ತುಳಿದು ಕಾಲ್ಬೆರಳೇ ಮುಂದಾಗುತ್ತೆ ಕಣೋ.”

“ಅದಕ್ಕೇ ಬಲ ಎಲ್ಲಾ ತೊಡೆಗೆ ಹೋಗ್ತಿದೆ. ಸಲೀಸಾದ ಮೇಲೆ ಸೊಂಟದ ಮೇಲೆ ಸ್ವಲ್ಪ ಭಾರ ಇಟ್ಕೊಳ್ಳಿ. ಮೊಟ್ಟೆ, ಬೇಳೆ ಚೆನ್ನಾಗಿ ತಿನ್ನಿ. ಕುಂಡಿ ದಪ್ಪ ಆಗುತ್ತೆ.”

“ದಪ್ಪ ಮಾಡಿ ಯಾರಿಗೆ ತೋರಿಸ್ಲಿ?”

“ಪ್ಯಾಂಟು ಜೋಳಿಗೆ ಥರ ನೇತಾಡುತ್ತೆ ಅಂತ ಅಕ್ಕ ನಗ್ತಾಳೆ.”

ಡ್ರೈವರ್ ನಗಲಿಲ್ಲ.

“ಕ್ಯಾಬಿನ್ ಹತ್ತೋಕೇ ಆಗದಿದ್ರೆ ಲಾರಿ ಯಾಕೆ? ನೀನೇ ಇಟ್ಕೋ.”

“ಮೊದಲು ಕೈ ಊರದೆ ಏಳಿ ನೋಡೋಣ. ಹಿಮ್ಮಡಿ, ಹಿಮ್ಮಡಿ.”

ಡ್ರೈವರ್ ಕೈ ಕಟ್ಟಿಕೊಂಡು, ಹಿಮ್ಮಡಿ ಊರಿ, ನಡುಗುತ್ತ ಎದ್ದು ನಿಂತ.

“ಗೊತ್ತಾಯ್ತಾ?”

“ಹ್ಞೂಂ. ಒಂಚೂರು ಹಿಡಿದಂಗಾಯ್ತು.”

ಒಳಗಿನಿಂದ ಕರೆ ಬಂತು. ಭಾಮೈದ ಜೇಬಿನಿಂದ ಲಾರಿಯ ಕೀ ತೆಗೆದು ಭಾವನ ಅಂಗೈಯಲ್ಲಿಟ್ಟ. ಇಬ್ಬರೂ ಬಾಗಿಲ ಕಡೆ ನಡೆದರು.