ಹಟ್ಟಿ ದೇವರ ದಾರ

ಚಳ್ಳಕೆರೆಯ ಆಸ್ಪತ್ರೆಯೊಂದರ ಬೆಂಚಿನ ಮೇಲೆ ನನ್ನ ಪಕ್ಕ ಅಕ್ಕತಂಗಿಯರಿಬ್ಬರು ಕೂತಿದ್ದರು. ಒಳಗೆ ತಂಗಿಯ ಮಗಳು ಮೂರು ದಿನದಿಂದ ಕಣ್ಣು ಬಿಟ್ಟಿರಲಿಲ್ಲ. ಅಕ್ಕನ ಕೈಯಲ್ಲಿ ಅರಿಶಿನದ ದಾರವಿತ್ತು.

"ನಮ್ಮ ಹಟ್ಟಿ ದೇವ್ರದು ಕಣೆ ಮಾಲ್ತಿ. ಕೊಂಡ್ಲಹಳ್ಳಿಯಿಂದ ಉಪ್ವಾಸ ಬಂದೀನಿ. ಮಗೀಗೆ ಕಟ್ತೀನಿ."

"ಬ್ಯಾಡಕ್ಕ. ನಾನು ಯೇಸಪ್ಪನ್ನ ನಂಬಿದೋಳು."

"ಮೂರು ದಿನ ಕೂಗಿದ್ಯಲ್ಲ, ಬಂದ್ನಾ?"

"ಬರ್ಲಿಲ್ಲ."

"ಮತ್ತೆ?"

"ಅವನ್ನೂ ಬಿಟ್ರೆ ಈ ಬಾಗ್ಲ ಮುಂದೆ ಯಾರ್ ಜೊತೆ ಕೂರ್ಲಿ? ಪ್ರಾರ್ಥನೆ ಮಾಡಾಕೂ ಈಗ ಮಾತೇ ಹೊರಡ್ತಿಲ್ಲಕ್ಕ."

ಅಕ್ಕ ದಾರವನ್ನು ಸುತ್ತಿ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡಳು.

"ಅವನ್ನ ಏನಂತ ಕರೀಬೇಕು, ಹೇಳ್ಕೊಡು. ನಾನು ಕರೀತೀನಿ."

ಅಷ್ಟರಲ್ಲಿ ನರ್ಸ್ ಬಾಗಿಲು ತೆರೆದು ಮಗುವಿನ ಕಡೆಯವರನ್ನು ಕೂಗಿದಳು. ಇಬ್ಬರೂ ಕೈ ಹಿಡಿದುಕೊಂಡು ಎದ್ದರು. ಬಾಗಿಲು ಮುಚ್ಚುವವರೆಗೂ ಅಕ್ಕನ ದನಿ ಕೇಳಿಸುತ್ತಿತ್ತು.

"ಯೇಸಪ್ಪಾ, ನಾನು ಬೋರಕ್ಕ. ನಿಂಗೆ ನನ್ನ ಗುರ್ತಿಲ್ಲ. ಮಾಲ್ತಿ ಅಕ್ಕ ನಾನು."