ಎಲೆಯ ತುದಿಯ ಉಪ್ಪು

ಹಿರಿಯರು ಕ್ಷಮಿಸಬೇಕು. ಶಾಸ್ತ್ರ ಬಲ್ಲವರು ಇಷ್ಟು ಜನ ಕೂತಿರುವಾಗ ಈ ಪೀಠದ ಮುಂದೆ ಅಡುಗೆಮನೆಯ ಕಥೆ ಹೇಳುವುದು ಅಧಿಕಪ್ರಸಂಗವೇ. ಆದರೆ ನಿನ್ನೆ ಒಬ್ಬ ತಾಯಿ ಕೇಳಿದರು, ‘ಸಂಸಾರದಲ್ಲಿ ನಗುನಗುತ್ತಾ ಇರಿ ಅಂತೀರಿ, ತಲೆ ಕೆಟ್ಟು ಹೋಗಿರುವಾಗ ನಗು ಎಲ್ಲಿಂದ ಬರುತ್ತೆ?’ ಅಂತ. ಅದಕ್ಕೆ ನನಗೆ ಗೊತ್ತಿರುವ ಉತ್ತರ ಇದೊಂದೇ. ತಪ್ಪಿದ್ದರೆ ತಿದ್ದಿ.

ಒಂದೂರಲ್ಲಿ ಒಬ್ಬ ಅಡುಗೆಯವನಿದ್ದ. ಅಶ್ವತ್ಥಯ್ಯ ಅಂತಿಟ್ಟುಕೊಳ್ಳಿ. ಶ್ರೀಮಂತನಲ್ಲ, ಆದರೆ ಹೆಮ್ಮೆಯಲ್ಲಿ ಯಾವ ಶ್ರೀಮಂತನಿಗೂ ಕಡಿಮೆಯಿಲ್ಲ. ಏನು ಹೆಮ್ಮೆ? ನೋಡಿ, ಊಟಕ್ಕೆ ಎಲೆ ಹಾಕಿದಾಗ ತುದಿಗೆ ಮೊದಲು ಉಪ್ಪು ಬಡಿಸುತ್ತಾರಲ್ಲ, ಊಟ ಮುಗಿದು ಜನ ಎದ್ದ ಮೇಲೆ ಅಶ್ವತ್ಥಯ್ಯ ಆ ಎಲೆಗಳನ್ನು ಒಂದೊಂದಾಗಿ ನೋಡುತ್ತಾ ಹೋಗುತ್ತಿದ್ದ. ತುದಿಯ ಉಪ್ಪನ್ನು ಯಾರೂ ಮುಟ್ಟಿಲ್ಲವೆಂದರೆ ಅಡುಗೆ ಹದವಾಗಿದೆ ಎಂದರ್ಥ. ಮೂವತ್ತು ವರ್ಷ ಯಾರೂ ಮುಟ್ಟಿರಲಿಲ್ಲ. ಅದೂ ರುಚಿ ನೋಡದೆ! ದೇವರಿಗೆ ನೈವೇದ್ಯವಾಗುವ ಮುಂಚೆ ಅಡುಗೆಯನ್ನು ನಾಲಗೆಗೆ ತಾಗಿಸುವಂತಿಲ್ಲ. ಎಲ್ಲವೂ ಕೈಯಳತೆ. ಉಪ್ಪು ಹಾಕುವ ಹೊತ್ತಿನಲ್ಲಿ ಅವನನ್ನು ಯಾರೂ ಮಾತಾಡಿಸುವಂತಿರಲಿಲ್ಲ.

ಅವನ ಮಗಳು ಪದ್ಮಿನಿಯ ಮದುವೆ ಬಂತು. ಗೆಳೆಯ ಕಿಟ್ಟಪ್ಪ ಹೇಳಿದ. ಈ ಕಿಟ್ಟಪ್ಪ ಮೂವತ್ತು ವರ್ಷ ಅವನ ಜೊತೆಯಲ್ಲೇ ಬಡಿಸಿದವನು. “ಲೋ ಅಶ್ವತ್ಥ, ಇವತ್ತೊಂದು ದಿನ ಹುಡುಗಿ ಅಪ್ಪನ ಥರ ಕೂತ್ಕೊಳೋ. ಸೌಟು ಬೇರೆಯವರು ಹಿಡೀತಾರೆ.”

“ನನ್ನ ಮಗಳ ಮದುವೆಗೆ ಬೇರೆಯವನು ಹುಳಿ ಮಾಡೋದಾ? ಹೋಗೋ!”

ಬೆಳಗ್ಗೆ ಹುಳಿ ಕೊಳದಪ್ಪಲೆಯಲ್ಲಿ ಕುದಿಯುತ್ತಿತ್ತು. ಅಶ್ವತ್ಥಯ್ಯ ಮುಷ್ಟಿ ತುಂಬ ಕಲ್ಲುಪ್ಪು ಹಿಡಿದ. ಸರಿಯಾಗಿ ಆಗಲೇ ಪದ್ಮಿನಿ ಧಾರೆಸೀರೆಯುಟ್ಟು ಬಂದು ಕಾಲಿಗೆ ಬಿದ್ದಳು. ಆ ಕೈಯಲ್ಲಿ ಆಶೀರ್ವಾದ ಮಾಡಬೇಕಲ್ಲ? ಉಪ್ಪನ್ನು ಉಪ್ಪಿನ ಪಾತ್ರೆಗೇ ವಾಪಸು ಸುರಿದ, ಕೈ ಒರೆಸಿಕೊಂಡ, ಮಗಳ ತಲೆ ಮುಟ್ಟಿದ. ಆಮೇಲೆ ಕಣ್ಣೊರೆಸಿಕೊಂಡು ಹುಳಿಗೆ ಮುಚ್ಚಳ ಮುಚ್ಚಿಬಿಟ್ಟ.

ಧಾರೆಯಾಯಿತು, ನೈವೇದ್ಯವಾಯಿತು. ಮೊದಲ ಪಂಕ್ತಿಗೆ ಬೀಗರು ಕೂತರು, ಹುಡುಗ ಹುಡುಗಿ ಕೂತರು. ಅನ್ನಕ್ಕೆ ಹುಳಿ ಬಿತ್ತು. ಅಶ್ವತ್ಥಯ್ಯ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಹುಡುಗನ ಅಜ್ಜಿ ಒಂದು ತುತ್ತು ತಿಂದವರು ಎಲೆಯ ತುದಿಗೆ ಕೈ ಹಾಕಿದರು. ಪಕ್ಕದವರೂ ಹಾಕಿದರು. ಅವರ ಪಕ್ಕದವರೂ ಹಾಕಿದರು!

ಅಶ್ವತ್ಥಯ್ಯ ಒಳಗೆ ಹೋಗಿ ಅಕ್ಕಿಮೂಟೆಯ ಮೇಲೆ ಕುಸಿದ. ತನ್ನ ಹೆಸರು ಹೋಗಲಿ, ನಾಳೆ ಮಗಳನ್ನು ಆಡಿಕೊಂಡರೆ? ‘ಅಡುಗೆಯವನ ಮಗಳು, ಉಪ್ಪಿಲ್ಲದ ಮನೆಯವಳು’ ಎಂದು ಜೀವಮಾನವಿಡೀ ಚುಚ್ಚಿದರೆ? ನೀವೇ ಹೇಳಿ, ಈಗ ನಗು ಎಲ್ಲಿಂದ ಬರಬೇಕು?

ಹೆಂಡತಿ ನಾಗಮ್ಮ ಓಡಿಬಂದರು. ಒಂದು ಹನಿ ಹುಳಿ ಅಂಗೈಗೆ ಹಾಕಿಕೊಂಡು ನೆಕ್ಕಿದವರು ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದರು.

“ರೀ, ಮೂವತ್ತು ವರ್ಷ ನನ್ನ ಸಾರಿಗೆ ‘ಒಂದು ಕಲ್ಲು ಉಪ್ಪು ಕಮ್ಮಿ’ ಅಂದ್ರಲ್ಲ, ಇದಕ್ಕೆ ಎಷ್ಟು ಕಲ್ಲು ಕಮ್ಮಿ ಹೇಳಿ ನೋಡೋಣ!”

“ನಗ್ತೀಯೇನೇ? ನನ್ನ ಮಾನ ಹೋಯ್ತು ಕಣೇ.”

“ಎಲ್ಲಿಗೆ ಹೋಗುತ್ತೆ? ಬಾಗಿಲಲ್ಲಿ ಕಿಟ್ಟಪ್ಪ ನಿಂತಿದಾನೆ, ಹೋಗೋಕೆ ಬಿಡಲ್ಲ.”

ಕಿಟ್ಟಪ್ಪ ನಿಂತಿರಲಿಲ್ಲ. ಕೊಳದಪ್ಪಲೆಯಲ್ಲಿ ಉಳಿದ ಹುಳಿಗೆ ಉಪ್ಪುನೀರು ಬೆರೆಸಲು ಹೇಳಿ, ತಾನು ಉಪ್ಪಿನ ಬಟ್ಟಲು ಹಿಡಿದು ಪಂಕ್ತಿಗೇ ನುಗ್ಗಿದ್ದ.

“ಉಪ್ಪು ಬಂತು, ಉಪ್ಪು! ಬೀಗರೇ, ಮುಲಾಜು ಬೇಡ! ಹುಡುಗಿ ಅಪ್ಪ ಬೆಳಗಿಂದ ಅಳ್ತಾನೇ ಇದಾನೆ. ಇದ್ದ ಉಪ್ಪೆಲ್ಲ ಕಣ್ಣಲ್ಲೇ ಹೋಯ್ತು, ಹುಳಿಗೆ ಉಳೀಲಿಲ್ಲ!”

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಆ ನಗು ಅಡುಗೆಮನೆಗೂ ಕೇಳಿಸಿತು. ಅಶ್ವತ್ಥಯ್ಯನಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು, ಆಮೇಲೆ ಎರಡರಲ್ಲಿ ಯಾವುದೆಂದು ತಿಳಿಯದ ಹಾಗೆ ಕಣ್ಣಲ್ಲಿ ನೀರು ಬಂತು. ಎದ್ದ. ಹೊರಗೆ ಬಂದು ಕಿಟ್ಟಪ್ಪನ ಕೈಯಿಂದ ಬಟ್ಟಲು ಇಸಿದುಕೊಂಡು ತಾನೇ ಬಡಿಸತೊಡಗಿದ.

ಅಜ್ಜಿ ತಲೆಯೆತ್ತಿ ನೋಡಿದರು. “ಇನ್ನೊಂದು ಚೂರು ಹಾಕಪ್ಪ. ಮಗಳಿಗೋಸ್ಕರ ಅಳೋ ಅಪ್ಪನ ಕೈಯ ಉಪ್ಪು. ನಮ್ಮ ಹುಡುಗನಿಗೂ ಹಾಕು, ಅವನೂ ಕಲೀಲಿ.”

ಮೂವತ್ತು ವರ್ಷ ಅವನ ಹೆಮ್ಮೆ ಅವನ ಕೈಯ ಮೇಲಿತ್ತು. ಅವತ್ತು ಕೈ ತಪ್ಪಿತು. ತಪ್ಪಿದ ಕೈಯನ್ನು ಹಿಡಿದು ಎಬ್ಬಿಸುವ ಹೆಂಡತಿ ಇದ್ದಾಳೆ, ಅಂಥ ಗೆಳೆಯ ಇದ್ದಾನೆ ಎಂಬ ಹೆಮ್ಮೆ ಇದೆಯಲ್ಲ, ಅದು ಅವನಿಗೆ ಹೊಸದು. ಆಮೇಲೆ ಹೋದ ಮದುವೆಮನೆಯಲ್ಲೆಲ್ಲ ಈ ಕಥೆಯನ್ನು ಅವನೇ ಎದೆ ಸೆಟೆಸಿಕೊಂಡು ಹೇಳುತ್ತಿದ್ದನಂತೆ.

ಈಗ ನಮ್ಮ ವಿಷಯಕ್ಕೆ ಬರೋಣ. ನಮ್ಮ ಮನೆಯಲ್ಲಿ ಹಾಲು ಉಕ್ಕಿದರೆ, ಬಸ್ಸು ತಪ್ಪಿದರೆ, ಬೀಗದ ಕೈ ಕಳೆದರೆ ನಾವು ಮೊದಲು ಏನು ಕೇಳುತ್ತೇವೆ? ‘ಯಾರು ಮಾಡಿದ್ದು?’ ಅದನ್ನೇ ಅಲ್ಲವೇ? ನಾನೂ ಅದನ್ನೇ ಕೇಳುತ್ತೇನೆ, ಸುಳ್ಳು ಹೇಳಲಾರೆ. ನಾಳೆಯಿಂದ ಆ ಪ್ರಶ್ನೆಯನ್ನು ಒಂದು ಗಳಿಗೆ ತಡೆಯಿರಿ. ತಪ್ಪು ಮಾಡಿದವರ ಪಕ್ಕ ಹೋಗಿ ನಿಲ್ಲಿ. ಅವರನ್ನು ನೋಡಿ ನಗಬೇಡಿ, ಅವರ ಜೊತೆ ಕೂತು ನಗಿ. ತಪ್ಪು ನಿಮ್ಮದಾಗಿದ್ದರೆ ಮೂಲೆ ಸೇರಬೇಡಿ. ಎದ್ದು ಬಂದು ಬಟ್ಟಲು ಹಿಡಿಯಿರಿ. ನಗಿಸುವವರೊಬ್ಬರು ಮನೆಯಲ್ಲೋ ಬೀದಿಯಲ್ಲೋ ಇದ್ದರೆ, ಅವರಿದ್ದಾರೆಂದು ಹೆಮ್ಮೆಪಡಿ. ಅದನ್ನು ಅವರಿಗೆ ಬಾಯಿಬಿಟ್ಟು ಹೇಳಿ.

ಒಂದು ಮಾತು ಉಳಿಯಿತು. ಪಂಕ್ತಿ ಎದ್ದ ಮೇಲೆ ಅಶ್ವತ್ಥಯ್ಯ ಅಭ್ಯಾಸಬಲದಿಂದ ಎಲೆಗಳನ್ನು ನೋಡುತ್ತಾ ಹೋದ. ಎಲ್ಲ ಎಲೆಯಲ್ಲೂ ಉಪ್ಪು ಖಾಲಿಯಾಗಿತ್ತು. ಒಂದರಲ್ಲಿ ಮಾತ್ರ, ಮೊದಲು ಬಡಿಸಿದ್ದು ಬಡಿಸಿದ ಹಾಗೇ ಇತ್ತು. ಅದು ಪದ್ಮಿನಿಯ ಎಲೆ. ಹುಳಿಯನ್ನ ಒಂದಗುಳೂ ಬಿಡದೆ ತಿಂದಿದ್ದಳು.

ಅಪ್ಪನ ಮಾನ ಕಾಯಲು ಹಾಗೆ ತಿಂದಳೋ, ಅವತ್ತಿನ ಗದ್ದಲದಲ್ಲಿ ಅವಳಿಗೆ ರುಚಿಯೇ ತಿಳಿಯಲಿಲ್ಲವೋ? ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ನನಗೂ ಗೊತ್ತಿಲ್ಲ.